ನೀಲಗಿರಿಯ ಚಾರ್ನೊಕೈಟ್ ಶಿಲೆಯಲ್ಲಿನ ಹೈಪರ್‌ಸ್ತೀನ್ ಖನಿಜ

ಉದಕಮಂಡಲದ 2,637 ಮೀಟರ್ ಎತ್ತರದ ದೊಡ್ಡಬೆಟ್ಟ ಸೇರಿದಂತೆ ನೀಲಗಿರಿಯ ಬಹುಭಾಗವು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಚಾರ್ನೊಕೈಟ್ ಶಿಲೆಯಿಂದಾಗಿದೆ. ಕೋಲ್ಕತ್ತದಲ್ಲಿರುವ, ಆಂಗ್ಲ ವರ್ತಕ ಜಾಬ್ ಚಾರ್ನಾಕ್‌ನ ಸಮಾಧಿಶಿಲೆಯನ್ನು ಪರೀಕ್ಷಿಸಿದ ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಈ ಹೆಸರನ್ನಿಟ್ಟನು. ಸಾಮಾನ್ಯ ಗ್ರಾನೈಟಿನಲ್ಲಿ ವಿರಳವಾದ ಹೈಪರ್‌ಸ್ತೀನ್ ಎಂಬ ಸಿಲಿಕೇಟ್ ಖನಿಜವೇ ಇದರ ಗುರುತು.

ಪೈರಾಕ್ಸೀನ್ ಗುಂಪಿನ ಈ ಖನಿಜದಲ್ಲಿ ಒಂದು ಸಿಲಿಕಾನ್ ಪರಮಾಣುವನ್ನು ನಾಲ್ಕು ಆಮ್ಲಜನಕ ಪರಮಾಣುಗಳು ಸುತ್ತುವರಿದ ಚತುಷ್ಫಲಕಗಳು, ಎಂದರೆ ನಾಲ್ಕು ಮುಖಗಳ ಘಟಕಗಳು, ಎರಡೆರಡು ಮೂಲೆಗಳನ್ನು ಹಂಚಿಕೊಂಡು ಒಂಟಿ ಸರಪಳಿಯಾಗುವುದರಿಂದ ಸಿಲಿಕಾನ್–ಆಮ್ಲಜನಕ ಅನುಪಾತವು 1:3 ಆಗುತ್ತದೆ. ಸರಪಳಿಗಳನ್ನು ಬೆಸೆಯುವ ಮೆಗ್ನೀಸಿಯಂ ಮತ್ತು ಕಬ್ಬಿಣದ ಅಯಾನುಗಳು ಪರಸ್ಪರ ಸ್ಥಾನ ಬದಲಿಸಬಲ್ಲವಾದರೂ, ಎರಡು ಬಗೆಯ ಸ್ಥಾನಗಳಲ್ಲಿ ದೊಡ್ಡದಾದ ಎಂ-2ಕ್ಕೆ ಕಬ್ಬಿಣದ ಒಲವು ಹೆಚ್ಚು. ಹರಳು ಆರ್ಥೊರಾಂಬಿಕ್ ವ್ಯವಸ್ಥೆಯದು, ಅಂದರೆ ಅದರ ಮೂರು ಅಕ್ಷಗಳು ಅಸಮ ಉದ್ದದವಾಗಿದ್ದು ಪರಸ್ಪರ ಲಂಬವಾಗಿರುತ್ತವೆ. ಸೀಳುತಲಗಳು ಸುಮಾರು 88 ಮತ್ತು 92 ಡಿಗ್ರಿ ಕೋನಗಳಲ್ಲಿ ಸಂಧಿಸುತ್ತವೆ.

ನೀರಿನ ಅಂಶ ಕಡಿಮೆಯಾದ ಅಧಿಕ ತಾಪದ ಆಳದಲ್ಲಿ ಕಪ್ಪು ಅಭ್ರಕವು ಸ್ಫಟಿಕಶಿಲೆಯೊಡನೆ ವರ್ತಿಸಿ ಹೈಪರ್‌ಸ್ತೀನ್ ಆಗುತ್ತದೆ. ಈ ಖನಿಜಗಳುಳ್ಳ ನೈಸ್ ಶಿಲೆಯು ಹೀಗೆ ಚಾರ್ನೊಕೈಟ್ ಆಗುತ್ತಿರುವ ಹಂತವನ್ನೇ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಕನಕಪುರ ಸಮೀಪದ ಕಬ್ಬಾಳದುರ್ಗದಲ್ಲಿ ತೋರಿಸಿದ್ದು ಕರ್ನಾಟಕದ ಭೂವಿಜ್ಞಾನದ ಹೆಮ್ಮೆಯ ಸಂಗತಿ. 1988ರ ಅಂತರರಾಷ್ಟ್ರೀಯ ನಾಮಕರಣದಲ್ಲಿ ಹೈಪರ್‌ಸ್ತೀನ್ ಹೆಸರನ್ನು ಕೈಬಿಟ್ಟು, ಮೆಗ್ನೀಸಿಯಂ ಹೆಚ್ಚಿದ್ದರೆ ಎನ್‌ಸ್ಟಟೈಟ್, ಕಬ್ಬಿಣ ಹೆಚ್ಚಿದ್ದರೆ ಫೆರೊಸಿಲೈಟ್ ಎನ್ನಲಾಗಿದೆ.