ಕಾಶಿಯ ಕೌಂಟರಿಗೆ ಕಿವಿ ಕೊಡು

ತಮ್ಮಾ, ಹನುಮಾನ್ ಘಾಟಿನ ಕಡೆಯ ಧರ್ಮಶಾಲೆಗೆ ಜಾವಾ ಸ್ವಿಂಗ್‌ನಲ್ಲಿ ಯಾತ್ರಿಕರ ರಿಜಿಸ್ಟರ್ ಬರೆದುಕೊಡಲು ಒಪ್ಪಿಕೊಂಡಿದ್ದೀಯಂತೆ. ನೀನು ಓದುತ್ತಿರುವ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಾಧಿಪತಿ ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಕಾಶಿಗೆ ಬರುವ ನಮ್ಮ ಕಡೆಯ ಮುದುಕರಿಗೆ ನೀನು ಇಷ್ಟು ಮಾಡಿದರೆ ತಪ್ಪಿಲ್ಲ. ಸ್ವಿಂಗ್ ಜೊತೆ ಹೆಣಗಿ ಕೂದಲು ನರೆಸಿಕೊಂಡವನು ನಾನು. ಕೆಲವು ಮಾತು ಹೇಳುತ್ತೇನೆ.

• ಕೋಡ್ ಬರೆಯುವ ಮೊದಲು ಒಂದು ಬೆಳಗ್ಗೆ ಆ ಕೌಂಟರಿನ ಪಕ್ಕ ಸುಮ್ಮನೆ ಕೂತು ಬಾ. 2022ರಲ್ಲಿ ಕರ್ನಾಟಕ ಸರ್ಕಾರ 5,000 ರೂಪಾಯಿ ಸಹಾಯಧನ ಕೊಟ್ಟು ಕಾಶಿ ದರ್ಶನದ ರೈಲು ಬಿಟ್ಟಿತಲ್ಲ, ಅಂಥ ರೈಲು ಬಂದ ದಿನ ಜನ ಒಬ್ಬೊಬ್ಬರಾಗಿ ಬರುವುದಿಲ್ಲ, ಬೋಗಿಗಟ್ಟಲೆ ಬರುತ್ತಾರೆ.

• ಹೆಸರಿನ ಪೆಟ್ಟಿಗೆಯಲ್ಲಿ ‘ಅಕ್ಷರ ಮಾತ್ರ’ ಎಂಬ ಕಾವಲು ಹಾಕಬೇಡ. ಕ್ಯಾರೆಕ್ಟರ್ ಕ್ಲಾಸಿನ ಇಸ್‌ಲೆಟರ್ ಮೆಥಡ್‌ಗೆ ನಮ್ಮ ಗುಣಿತ, ಅನುಸ್ವಾರ, ವಿರಾಮ ಯಾವುದೂ ಅಕ್ಷರವಲ್ಲ. ‘ಶಿವಲಿಂಗಪ್ಪ’ ಅನ್ನು ತಗೋ. ನಮ್ಮ ಕಣ್ಣಿಗೆ ಐದಕ್ಷರ, ಜಾವಾ ಎಣಿಕೆಗೆ 10. ಆ ಹತ್ತರಲ್ಲಿ ನಾಲ್ಕನ್ನು ಇಸ್‌ಲೆಟರ್ ಹೊರಗೆ ತಳ್ಳುತ್ತದೆ. ಅದರ ಬದಲು ಇಸ್‌ಆಲ್ಫಬೆಟಿಕ್ ಹಾಕಿದೆಯೋ, ಗುಣಿತ ದಾಟುತ್ತದೆ, ಒತ್ತಕ್ಷರ ಮುಗ್ಗರಿಸುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರದ ಆಚೆ ಕಣ್ಣಿಗೆ ಕಾಣದ ಚಿಹ್ನೆ ಬೇರೆ ಇರುತ್ತದೆ. ನಾನು ಬರೆದ ಮೊದಲ ಫಾರಂ ಅರ್ಧ ಊರಿನವರನ್ನು ‘ತಪ್ಪು ಹೆಸರು’ ಎಂದು ಕೆಂಪಗೆ ಬೈದಿತ್ತು. ಎಂಬತ್ತು ವರ್ಷ ಹೊತ್ತ ಹೆಸರನ್ನು ಅಜ್ಜನಿಗೆ ತಪ್ಪೆಂದು ಹೇಳಲು ನಾವ್ಯಾರು? ಖಾಲಿ ಬಿಟ್ಟಿದ್ದಾರೆಯೇ ಎಂದಷ್ಟೇ ನೋಡು, ಸಾಕು.

• ಅಂಕಿಯ ಕಥೆ ಉಲ್ಟಾ. ವಯಸ್ಸಿನ ಜಾಗದಲ್ಲಿ ‘೭೨’ ಎಂದು ಬರೆದರೂ ಇಂಟಿಜರ್ ಕ್ಲಾಸಿನ ಪಾರ್ಸ್‌ಇಂಟ್ ಅದನ್ನು 72 ಎಂದೇ ಓದುತ್ತದೆ. ದೇವನಾಗರಿಯಲ್ಲಿ ಬರೆದರೂ ಅಷ್ಟೆ. ಅದಕ್ಕೂ ಮೊದಲು ಸೊನ್ನೆಯಿಂದ ಒಂಬತ್ತರ ಇಂಗ್ಲಿಷ್ ಅಂಕಿಗಷ್ಟೇ ಜಾಗ ಕೊಟ್ಟ ರೆಗೆಕ್ಸ್ ನಿಲ್ಲಿಸಿ ಕೆಡಿಸುವವರು ನಾವೇ.

• ಪಠ್ಯ ಬದಲಾದದ್ದು ತಿಳಿಯಲು ಕೀಲಿಸನರ್ ಬೇಡ. ಗುಮಾಸ್ತರು ವಾಟ್ಸ್ಆ್ಯಪ್‌ನಲ್ಲಿ ಬಂದ ಹೆಸರನ್ನು ಮೌಸ್‌ನಿಂದ ಅಂಟಿಸಿದರೆ ಅದಕ್ಕೆ ಸುಳಿವೇ ಸಿಗದು. ಡಾಕ್ಯುಮೆಂಟ್‌ಲಿಸನರ್ ಹಾಕು. ಆದರೆ ಅದರೊಳಗೇ ನಿಂತು ಆ ಪಠ್ಯವನ್ನು ತಿದ್ದಹೋದರೆ ಇಲ್ಲೀಗಲ್‌ಸ್ಟೇಟ್ ಎಕ್ಸೆಪ್ಶನ್ ಮುಖಕ್ಕೆ ಬಡಿಯುತ್ತದೆ. ತಿದ್ದಲೇಬೇಕಿದ್ದರೆ ಅದಕ್ಕೆ ಡಾಕ್ಯುಮೆಂಟ್‌ಫಿಲ್ಟರ್ ಇದೆ.

• ಲಿಸನರ್ ಎಂದರೆ ಕಿವಿ, ಕೈಯಲ್ಲ. ಸ್ವಿಂಗ್‌ನಲ್ಲಿ ಗುಂಡಿ ಒತ್ತಿದ್ದು, ಪರದೆ ಬಿಡಿಸುವುದು ಎಲ್ಲ ಒಂದೇ ಥ್ರೆಡ್ಡಿನ ಕೆಲಸ. ಕೌಂಟರಿನಲ್ಲಿ ಕೂತ ಒಬ್ಬನೇ ಗುಮಾಸ್ತ ಎಂದುಕೋ. ಖಾಲಿ ಕೋಣೆ ಹುಡುಕಲು ಅವನೇ ಮೂರನೇ ಮಹಡಿ ಹತ್ತಿದರೆ ಸಾಲು ಗಲ್ಲಿಯ ತನಕ ಬೆಳೆಯುತ್ತದೆ, ಎದುರಿಗಿದ್ದವರು ಮೇಜು ಗುದ್ದುತ್ತಾರೆ. ಆಕ್ಷನ್‌ಪರ್ಫಾರ್ಮ್ಡ್ ಒಳಗೆ ಡೇಟಾಬೇಸ್ ಹುಡುಕಾಟ ತುಂಬಿದಾಗ ಪರದೆ ಬಿಳುಚಿ ನಿಲ್ಲುವುದು ಇದಕ್ಕೇ. ಮಹಡಿ ಹತ್ತಲು ಹುಡುಗನನ್ನು ಕಳಿಸು. ಅವನ ಹೆಸರು ಸ್ವಿಂಗ್‌ವರ್ಕರ್. ಡೂಇನ್‌ಬ್ಯಾಕ್‌ಗ್ರೌಂಡ್ ಅವನ ಹತ್ತುವಿಕೆ. ಇಳಿದು ಬಂದು ಗುಮಾಸ್ತನಿಗೆ ಒಪ್ಪಿಸುವುದು ಡನ್. ಪರದೆಯನ್ನು ಮುಟ್ಟುವ ಕೆಲಸ ಡನ್ ಒಳಗಷ್ಟೇ ಇರಲಿ. ಅವನು ಹೋಗಿ ಬರುವ ತನಕ ‘ಉಳಿಸು’ ಗುಂಡಿಯನ್ನು ಮಂಕು ಮಾಡಿಡು, ಇಲ್ಲದಿದ್ದರೆ ಅವಸರದ ಬೆರಳು ಇನ್ನೆರಡು ಸಲ ಒತ್ತಿರುತ್ತದೆ.

• ಆ್ಯಡ್‌ಆಕ್ಷನ್‌ಲಿಸನರ್ ಕನ್‌ಸ್ಟ್ರಕ್ಟರಿನಲ್ಲಿ ಒಂದೇ ಸಲ. ‘ಹೊಸ ಯಾತ್ರಿಕ’ ಫಾರಂ ತೆರೆದಾಗಲೆಲ್ಲ ಓಡುವ ಮೆಥಡ್‌ನಲ್ಲಿ ಅದನ್ನಿಟ್ಟು, ಮೂರನೇ ಯಾತ್ರಿಕನಿಗೆ ಮೂರು ರಸೀದಿ ಹರಿದುಕೊಟ್ಟ ಮಹಾನುಭಾವ ನಾನೇ.

• ಕಾಂಬೊಬಾಕ್ಸ್‌ಗೆ ಐಟಂಲಿಸನರ್ ಇಟ್ಟರೆ ಒಂದು ಬದಲಾವಣೆಗೆ ಎರಡು ಕರೆ ಬರುತ್ತದೆ: ಹಳೆಯದು ಬಿಟ್ಟಿತು, ಹೊಸದು ಹಿಡಿಯಿತು. ಹಿಡಿದದ್ದಕ್ಕೆ ಮಾತ್ರ ಓಗೊಡು.

• ಮೊಬೈಲ್ ಸಂಖ್ಯೆಗೆ ಇನ್‌ಪುಟ್‌ವೆರಿಫೈಯರ್ ಹಾಕುವ ಆಸೆ ಬಂದೇ ಬರುತ್ತದೆ. ಅದು ಒಪ್ಪದಿದ್ದರೆ ಕರ್ಸರನ್ನು ಬಿಡುವುದೇ ಇಲ್ಲ. ಫೋನಿಲ್ಲದ ಅಜ್ಜಿ ಎದುರು ನಿಂತಿದ್ದಾರೆ, ಗುಮಾಸ್ತರಿಗೆ ‘ರದ್ದು’ ಗುಂಡಿ ಕೂಡ ಒತ್ತಲಾಗದು. ಹಾಕುವುದೇ ಆದರೆ ರದ್ದು ಗುಂಡಿಗೆ ಸೆಟ್‌ವೆರಿಫೈಇನ್‌ಪುಟ್‌ವೆನ್‌ಫೋಕಸ್‌ಟಾರ್ಗೆಟ್ ಅನ್ನು ಫಾಲ್ಸ್ ಮಾಡು. (ಹೆಸರು ರೈಲಿನಷ್ಟುದ್ದ, ನಿಜ.)

• 1997ರ ಜಾವಾ 1.1ಕ್ಕಿಂತ ಹಿಂದಿನ ಪುಸ್ತಕ ನಿನ್ನ ಗ್ರಂಥಾಲಯದಲ್ಲಿ ಸಿಕ್ಕರೆ ಹಾಗೇ ಕಪಾಟಿಗೆ ಸೇರಿಸು. ಆಗ ಲಿಸನರ್ ಎಂಬುದೇ ಇರಲಿಲ್ಲ. ಗುಂಡಿಯ ದೂರು ಮೇಲಿನ ಪೆಟ್ಟಿಗೆಗೆ, ಅಲ್ಲಿಂದ ಅದರ ಮೇಲಿನದಕ್ಕೆ ಹತ್ತುತ್ತಿತ್ತು. ಈಗ 2014ರ ಜಾವಾ 8ರಿಂದ ಲ್ಯಾಂಬ್ಡಾದಲ್ಲಿ ಒಂದು ಸಾಲು ಸಾಕು.

• ಜೆಫ್ರೇಮ್ ಮುಚ್ಚಿದರೆ ಕಿಟಕಿ ಮರೆಯಾಗುತ್ತದೆ, ಪ್ರೋಗ್ರಾಂ ನಿಲ್ಲುವುದಿಲ್ಲ. ಗುಮಾಸ್ತರು ಸಂಜೆಗೆ ಮತ್ತೆ ತೆರೆಯುತ್ತಾರೆ, ಆರತಿ ಮುಗಿಸಿ ಬಂದು ಇನ್ನೊಮ್ಮೆ. ಸೆಟ್‌ಡಿಫಾಲ್ಟ್‌ಕ್ಲೋಸ್‌ಆಪರೇಷನ್ ನೀನೇ ಬರೆ, ವಿಂಡೋಕ್ಲೋಸಿಂಗ್‌ನಲ್ಲಿ ‘ಉಳಿಸಲೇ?’ ಎಂದು ಕೇಳು, ಕನ್ನಡದಲ್ಲೂ ಹಿಂದಿಯಲ್ಲೂ.