ಅಂಗೈಯಲ್ಲಿ ಉಣ್ಣುವವರು

ನಮ್ಮ ಚಿಕ್ಕೋಡಿ ಸೀಮೆಗೆ ದಿಗಂಬರ ಮುನಿಗಳು ಹೊಸಬರಲ್ಲ. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡ ಆಚಾರ್ಯ ಶಾಂತಿಸಾಗರರು ಭೋಜದವರು. 2024ರಲ್ಲಿ ದೇಹ ಬಿಟ್ಟ ಆಚಾರ್ಯ ವಿದ್ಯಾಸಾಗರರು ಸದಲಗಾದವರು. ಬಸದಿಯಲ್ಲಿ ಪ್ರವಚನಗಳನ್ನು ಬೇಕಾದಷ್ಟು ಕೇಳಿದ್ದೇನೆ. ಆದರೂ ವೈರಾಗ್ಯದ ಪಾಠ ನನಗೆ ದಕ್ಕಿದ್ದು ಅಡುಗೆಮನೆಯಲ್ಲಿ.

ಚಾತುರ್ಮಾಸದಲ್ಲಿ ಮುನಿಗಳಿಗೆ ಆಹಾರ ಕೊಡುವ ದಿನ ಬೆಳಕು ಹರಿದ ಮೇಲೆಯೇ ಒಲೆ ಹೊತ್ತಿಸುತ್ತೇವೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಬೇಕು, ಬೇಳೆಕಾಳನ್ನು ಕಣ್ಣಿಟ್ಟು ಹಸನು ಮಾಡಬೇಕು. ಇಷ್ಟೆಲ್ಲ ಮಾಡಿ, ಕಳಶ ಹಿಡಿದು ಬಾಗಿಲಲ್ಲಿ ‘ನಮೋಸ್ತು, ನಮೋಸ್ತು’ ಎನ್ನುತ್ತ ನಿಂತರೂ ಮಹಾರಾಜರು ನಮ್ಮ ಮನೆಗೇ ಬರುತ್ತಾರೆಂಬ ಖಾತ್ರಿಯಿಲ್ಲ. ಇಂಥದ್ದು ಕಂಡರೆ ಮಾತ್ರ ಆಹಾರ ಎಂದು ಮನಸ್ಸಿನಲ್ಲೇ ನಿಯಮ ಹಿಡಿದು ಹೊರಟಿರುತ್ತಾರೆ. ಅದೇನೆಂದು ಯಾರಿಗೂ ಹೇಳುವುದಿಲ್ಲ. ಕೂಡಿಬರದಿದ್ದರೆ ಅಂದು ಉಪವಾಸ.

ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡೇ, ಜೋಡಿಸಿದ ಅಂಗೈಗಳಲ್ಲಿ ಊಟ. ನೀರೂ ಆಗಲೇ ಕುಡಿಯಬೇಕು. ಒಮ್ಮೆ ವಯಸ್ಸಾದ ಮುನಿಗಳೊಬ್ಬರು ನಮ್ಮ ಮನೆಗೆ ಬಂದರು. ನಾಲ್ಕೈದು ತುತ್ತು ಆಗಿರಬೇಕು. ಹೆಬ್ಬೆರಳಿನಿಂದ ಅನ್ನ ಸರಿಸಿ ನೋಡುವಾಗ ಒಂದು ಕೂದಲೆಳೆ ಕಂಡಿತು. ಜೋಡಿಸಿದ ಕೈ ಬಿಟ್ಟರು. ಅಂತರಾಯ, ಅಂದರೆ ಆಹಾರಕ್ಕೆ ವಿಘ್ನ. ಇನ್ನು ಮರುದಿನದವರೆಗೆ ಹನಿ ನೀರೂ ಇಲ್ಲ. ಅವ್ವ ಅಳತೊಡಗಿದಳು. ಮಹಾರಾಜರು ಯಾರ ಮುಖವನ್ನೂ ದುರುಗುಟ್ಟಿ ನೋಡಲಿಲ್ಲ. ಕೈ ತೊಳೆದು, ನವಿಲುಗರಿಯ ಪಿಂಛಿ ಎತ್ತಿ ಹರಸಿ, ಬಂದ ಹಾಗೆಯೇ ನಡೆದರು. ಮಧ್ಯಾಹ್ನ ಸ್ವಾಧ್ಯಾಯಕ್ಕೆ ಹೋದರೆ ಅದೇ ದನಿ, ಅದೇ ನಗುಮುಖ.

ಕೇಶಲೋಚ ನೋಡಲು ಊರಿಗೆ ಊರೇ ಸೇರುತ್ತದೆ. ಕೈಯಿಂದಲೇ ಕೂದಲು ಕೀಳುವುದು ಕಠಿಣವೇ, ನಿಜ. ಆದರೆ ಹಸಿದ ಹೊಟ್ಟೆಯಲ್ಲಿ, ಬಾಯಿಗೆ ಬಂದ ತುತ್ತನ್ನು ಸಿಟ್ಟಿಲ್ಲದೆ ಬಿಡುವುದು ಅದಕ್ಕಿಂತ ಕಠಿಣವೆಂದು ನನಗನ್ನಿಸುತ್ತದೆ. ಆ ಮುನಿಗಳ ವ್ರತದ ಕಾವು ಅವರಿಗೆ ಮಾತ್ರ. ಅಳುತ್ತಿದ್ದ ಅವ್ವನಿಗೆ ಅದು ಒಂದಿಷ್ಟೂ ತಟ್ಟಲಿಲ್ಲ. ಅಂದಿನಿಂದ ನಾನು ಉಪವಾಸ ಮಾಡಿದ ದಿನ ಮನೆಯವರ ಮೇಲೆ ರೇಗುವುದನ್ನು ಬಿಟ್ಟಿದ್ದೇನೆ.

ಈಚೆಗೆ ಚೌಕಗಳಲ್ಲಿ, ಅಂದರೆ ಮುನಿಗಳಿಗೆ ಆಹಾರ ಕೊಡುವ ಅಡುಗೆಮನೆಗಳಲ್ಲಿ, ಪದಾರ್ಥಗಳ ಪೈಪೋಟಿ ಶುರುವಾಗಿದೆ; ಯಾರ ಮನೆಯಲ್ಲಿ ಎಷ್ಟು ಬಗೆ ಎಂಬುದೇ ಮಾತು. ಮುನಿಗಳಿಗೆಂದೇ ಮಾಡಿದ ಅಡುಗೆ ಮುನಿಗಳಿಗೆ ಸಲ್ಲದು, ಅದು ಉದ್ದಿಷ್ಟ ದೋಷ ಎನ್ನುತ್ತದೆ ಶಾಸ್ತ್ರ. ಆಹಾರ ಕೊಡುವ ಎಲ್ಲ ಮನೆಯವರಲ್ಲಿ ನನ್ನ ಕಳಕಳಿಯ ಮಾತಿಷ್ಟೇ: ನೀವು ದಿನವೂ ಉಣ್ಣುವುದನ್ನೇ ಶುದ್ಧವಾಗಿ ಮಾಡಿ, ಅದರಲ್ಲೇ ಒಂದು ಪಾಲು ಕೊಡಿ.