ಇಂದಿನ ಧಮ್ಮ ಚಿಂತನೆ: ಯಜಮಾನ ಯಾರು?



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಏಜೆನ್ಸಿಯೊಂದರ ಮೂಲಕ ಒಂದು ಕಚೇರಿಯಲ್ಲಿ ದುಡಿಯುತ್ತಾನೆ. ಕಾಗದದಲ್ಲಿ ಅವನು ನೌಕರನಲ್ಲ, 'ಸ್ವತಂತ್ರ ಗುತ್ತಿಗೆದಾರ'. ದಿನವೂ ಹತ್ತಕ್ಕೆ ಹಾಜರಿ ಹಾಕಬೇಕು. ಆದರೆ ಪಿಎಫ್‌ಗೆ ಮಾಲೀಕರು ಸೇರಿಸುವ ಶೇ. 12ರ ಪಾಲಿಲ್ಲ, ಇಎಸ್‌ಐ ಇಲ್ಲ, ಸಂಬಳಸಹಿತ ರಜೆಯಿಲ್ಲ. ಕೈಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಒಪ್ಪಿದ್ದ. ಡೆಂಗಿ ಜ್ವರದಿಂದ 12 ದಿನ ಮಲಗಿದಾಗ ಲೆಕ್ಕ ತಿಳಿಯಿತು. ಕಚೇರಿಯವರು "ಏಜೆನ್ಸಿಯನ್ನು ಕೇಳಪ್ಪ" ಎಂದರು. ಏಜೆನ್ಸಿಯವರು "ನೀವು ನಮ್ಮ ನೌಕರರಲ್ಲ" ಎಂದರು.

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಯಜಮಾನನಿಗೆ ಐದು ಕರ್ತವ್ಯ ಹೇಳಿದ್ದಾರೆ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಸಕಾಲಕ್ಕೆ ಬಿಡುವು. ಪ್ರತಿಯಾಗಿ ಕೆಲಸಗಾರನಿಗೂ ಐದು. ಈ ಹುಡುಗನ ಐದೂ ನಡೆಯುತ್ತಿವೆ. ಯಜಮಾನನ ಐದಕ್ಕೆ ವಾರಸುದಾರರೇ ಇಲ್ಲ.

ಸಹಿ ಹಾಕುವ ಮುನ್ನ ನಮ್ಮ ಮಕ್ಕಳು ಕೇಳಲಿ: "ನಾನು ಕಾಯಿಲೆ ಬಿದ್ದರೆ ಹೊಣೆ ಯಾರದು?" ಉತ್ತರ ಬರವಣಿಗೆಯಲ್ಲಿರಲಿ.

ನಮ್ಮ ಶಾಲೆ, ಕಚೇರಿ, ಅಪಾರ್ಟ್‌ಮೆಂಟುಗಳಲ್ಲೂ ಏಜೆನ್ಸಿಯ ಕಾವಲುಗಾರರು, ಸ್ವಚ್ಛತಾ ಕೆಲಸದವರು ಇದ್ದಾರೆ. ಆ ಐದರಲ್ಲಿ ನಮ್ಮ ಪಾಲಿನದು ಎಷ್ಟು? ಇಂದು ಯೋಚಿಸೋಣ.

ಭವತು ಸಬ್ಬ ಮಂಗಲಂ 🪷